ಕೆಂಪು ಕಣ್ಣು, ಸೂಟ್‌ಕೇಸಿನ ಡ್ರಾಪ್ಸ್: ಸ್ವೀಡನ್ನಿನಲ್ಲಿ ಕಣ್ಣಿಗೆ ಫಂಗಸ್ ತಗುಲಿದರೆ

ಸ್ವೀಡನ್ನಿಗೆ ಬರುವ ಕನ್ನಡ ಕುಟುಂಬಗಳ ಸೂಟ್‌ಕೇಸಿನಲ್ಲಿ ಸಾಂಬಾರ್ ಪುಡಿ, ಉಪ್ಪಿನಕಾಯಿಗಳ ಜೊತೆ ಔಷಧದ ಪುಟ್ಟ ಚೀಲವೊಂದು ಇದ್ದೇ ಇರುತ್ತದೆ. ಜ್ವರದ ಮಾತ್ರೆ, ಹೊಟ್ಟೆಯ ಮಾತ್ರೆ, ಕಣ್ಣು ಕೆಂಪಾದರೆ ಇರಲಿ ಎಂದು ಒಂದು ಡ್ರಾಪ್ಸ್. ಇಲ್ಲಿ ತಜ್ಞ ವೈದ್ಯರನ್ನು ಕಾಣುವುದು ಊರಿನಷ್ಟು ಸಲೀಸಲ್ಲ ಎಂದು ಮೊದಲೇ ಬಂದವರು ಹೇಳಿರುತ್ತಾರೆ. ಬಹುತೇಕ ಕೆಂಪುಗಣ್ಣು ವೈರಸ್ಸಿನದು, ತಾನಾಗಿ ವಾಸಿಯಾಗುತ್ತದೆ. ಹಾಗಾಗಿ ಡ್ರಾಪ್ಸ್ ಹಾಕಿದ್ದರಿಂದಲೇ ಗುಣವಾಯಿತು ಎಂಬ ನಂಬಿಕೆಯೂ ಗಟ್ಟಿಯಾಗುತ್ತದೆ. ಆದರೆ ಕೆಂಪಿಗೆ ಕಾರಣ ಫಂಗಸ್ ಆಗಿದ್ದರೆ, ಆ ಸೀಸೆಯಲ್ಲಿ ಸ್ಟೀರಾಯ್ಡ್ ಇದ್ದರೆ, ಕೆಲವೇ ದಿನಗಳಲ್ಲಿ ದೃಷ್ಟಿಗೇ ಕುತ್ತು ಬರಬಹುದು.

ಸ್ವೀಡನ್ನಿನಂಥ ತಣ್ಣಗಿನ ದೇಶದಲ್ಲಿ ಈ ಕಾಯಿಲೆ ಅಪರೂಪ. ಪಕ್ಕದ ಡೆನ್ಮಾರ್ಕಿನಲ್ಲಿ 2000ದಿಂದ 2013ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೂ ಇದು ಬಂದಿರಲಿಲ್ಲ. ಅದೇ ಮದುರೆ ಸುತ್ತಮುತ್ತ 1990ರ ದಶಕದಲ್ಲಿ ನಡೆದ ಅಧ್ಯಯನದ ಪ್ರಕಾರ ಎಲ್ಲ ಬಗೆಯ ಕಾರ್ನಿಯಾ ಹುಣ್ಣು ಸೇರಿ ವರ್ಷಕ್ಕೆ ಲಕ್ಷಕ್ಕೆ 113 ಜನರಿಗೆ ಬರುತ್ತಿತ್ತು. ಅಲ್ಲಿ ರೋಗಾಣು ಪತ್ತೆಯಾದ ಹುಣ್ಣುಗಳಲ್ಲಿ ಅರ್ಧದಷ್ಟು ಫಂಗಸ್ಸಿನವು. ಮದುರೆಯ ಕಣ್ಣಿನ ಡಾಕ್ಟರಿಗೆ ದಿನನಿತ್ಯದ್ದಾಗಿರುವ ಕಾಯಿಲೆಯನ್ನು ಸ್ಟಾಕ್‌ಹೋಮಿನ ಬಡಾವಣೆಯ ಆರೋಗ್ಯ ಕೇಂದ್ರದ ಡಾಕ್ಟರು ವೃತ್ತಿಯುದ್ದಕ್ಕೂ ಒಮ್ಮೆಯೂ ನೋಡದಿರಬಹುದು. ಹೀಗಾಗಿ 'ಇದು ಫಂಗಸ್ ಇರಬಹುದೇ?' ಎಂಬ ಮೊದಲ ಅನುಮಾನ ಅನೇಕ ಸಲ ರೋಗಿಯ ಬಾಯಿಂದಲೇ ಬರಬೇಕಾಗುತ್ತದೆ. ಅದಕ್ಕೆ ಬೇಕಾದಷ್ಟು ತಿಳಿವಳಿಕೆ ಕೊಡುವುದೇ ಈ ಲೇಖನದ ಉದ್ದೇಶ.

ಆ ಬಿಳಿ ಚುಕ್ಕೆಯೊಳಗೆ ನಡೆಯುವುದೇನು?

ಕರಿಗುಡ್ಡೆಯ ಮುಂದೆ ಗಾಜಿನಂತೆ ತಿಳಿಯಾಗಿರುವ ಪೊರೆ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಒಳಗೆ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ತಿಳಿಯಾಗಿರುತ್ತಿರಲಿಲ್ಲ. ಮೇಲಿನ ತೆಳು ಪದರ ಅಖಂಡವಾಗಿರುವವರೆಗೆ ಫಂಗಸ್ ಒಳಹೊಗುವುದು ಕಷ್ಟ. ಭತ್ತದ ತೆನೆಯೋ ಕಬ್ಬಿನ ಗರಿಯೋ ಮರದ ಚೂರೋ ತಗುಲಿ ಒಂದು ಗೀರು ಬಿದ್ದರೆ ಬಾಗಿಲು ತೆರೆಯುತ್ತದೆ, ಬೀಜಕಣಗಳೂ ಆ ಗೀರಿನ ಜೊತೆಗೇ ಒಳಗೆ ಹೋಗುತ್ತವೆ. 1879ರಲ್ಲಿ ಜರ್ಮನ್ ವೈದ್ಯ ಥಿಯೋಡೋರ್ ಲೆಬರ್ ಇಂಥ ಸೋಂಕನ್ನು ಮೊದಲ ಬಾರಿಗೆ ವರದಿ ಮಾಡಿದ್ದೂ ಒಕ್ಕಣೆ ಮಾಡುವಾಗ ಓಟ್ಸ್ ಹೊಟ್ಟು ಕಣ್ಣಿಗೆ ಸಿಡಿದ ರೈತನೊಬ್ಬನಲ್ಲೇ.

ಒಳಗೆ ಹೋದ ಫಂಗಸ್ ಗದ್ದೆ ಬದುವಿನ ಗರಿಕೆಯಂತೆ ಎಳೆ ಎಳೆಯಾಗಿ ಆಳಕ್ಕೂ ಅಗಲಕ್ಕೂ ಹಬ್ಬುತ್ತದೆ. ಇದರಿಂದ ಎರಡು ಪರಿಣಾಮಗಳಾಗುತ್ತವೆ. ಒಂದು, ಹುಣ್ಣಿನ ಅಂಚು ನಯವಾಗಿರದೆ ಹಕ್ಕಿಯ ಗರಿಯಂತೆ ಕೆದರಿರುತ್ತದೆ. ಮುಖ್ಯ ಹುಣ್ಣಿನ ಆಚೀಚೆ ಪುಟ್ಟ ಚುಕ್ಕೆಗಳೂ ಕಾಣಬಹುದು. ಎರಡು, ಮೇಲೆ ಹಾಕಿದ ಔಷಧ ಆಳದ ಎಳೆಗಳನ್ನು ಮುಟ್ಟುವುದು ನಿಧಾನ. ರಕ್ತನಾಳಗಳಿಲ್ಲದ ಕಾರಣ ನುಂಗಿದ ಮಾತ್ರೆಯ ಸತ್ವವೂ ಅಲ್ಲಿಗೆ ತಲುಪುವುದು ಕಡಿಮೆ.

ಸ್ಟೀರಾಯ್ಡ್ ಮಾಡುವ ಮೋಸ ಇಲ್ಲಿಯೇ. ಕೆಂಪು, ನೋವು, ನೀರು ಸುರಿಯುವುದು, ಇವೆಲ್ಲ ದೇಹವು ಫಂಗಸ್ ಜೊತೆ ನಡೆಸುವ ಹೋರಾಟದ ಗುರುತುಗಳು. ಸ್ಟೀರಾಯ್ಡ್ ಆ ಹೋರಾಟವನ್ನೇ ತಡೆಯುತ್ತದೆ. ಒಂದೆರಡು ದಿನ ಕಣ್ಣು ಬೆಳ್ಳಗಾಗಿ, ನೋವು ಇಳಿದು, 'ಪರವಾಗಿಲ್ಲ' ಎನಿಸುತ್ತದೆ. ಆ ಒಂದೆರಡು ದಿನದಲ್ಲಿ ಫಂಗಸ್ ತಡೆಯುವವರಿಲ್ಲದೆ ಬೆಳೆಯುತ್ತದೆ.

ಯಾರು ಅನುಮಾನ ಪಡಬೇಕು?

1. ಕಣ್ಣಿಗೆ ಗಿಡ, ಹುಲ್ಲು, ಕಟ್ಟಿಗೆ, ಮಣ್ಣು ತಗುಲಿದವರು. ಊರಿನಲ್ಲಿ ಅಡಿಕೆ ಸೋಗೆ, ಕಬ್ಬಿನ ಗರಿ ಇದ್ದಂತೆ ಇಲ್ಲಿ ಬೇಲಿ ಕತ್ತರಿಸುವುದು, ಟ್ರಿಮ್ಮರ್‌ನಲ್ಲಿ ಹುಲ್ಲು ಸವರುವುದು, ಬೇಸಿಗೆಮನೆಯಲ್ಲಿ ಸೌದೆ ಸೀಳುವುದು. ಫಂಗಸ್ ಸೋಂಕು ಗಾಯವಾದ ದಿನವೇ ತೋರುವುದಿಲ್ಲ; ಹಲವು ದಿನ, ಕೆಲವೊಮ್ಮೆ ವಾರಗಳ ನಂತರ ಜೋರಾಗುತ್ತದೆ. ತೀರ್ಥಹಳ್ಳಿಯ ತೋಟದಲ್ಲಿ ಆದ ಗೀರು ಸೋಲ್ನಾದ ಫ್ಲ್ಯಾಟಿನಲ್ಲಿ ಹುಣ್ಣಾಗಬಹುದು.

2. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು. ಲೆನ್ಸ್ ಹಾಕಿಕೊಂಡೇ ಮಲಗುವವರು, ಕೆರೆಯಲ್ಲಿ ಈಜುವವರು, ಸ್ನಾನ ಮಾಡುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು.

3. ಕಣ್ಣಿಗೆ ಬಹುಕಾಲದಿಂದ ಸ್ಟೀರಾಯ್ಡ್ ಹಾಕುತ್ತಿರುವವರು, ಕಾರ್ನಿಯಾ ಕಸಿ ಮಾಡಿಸಿಕೊಂಡವರು, ಕಣ್ಣು ತೀರಾ ಒಣಗುವವರು, ರೆಪ್ಪೆ ಪೂರ್ತಿ ಮುಚ್ಚದವರು. ಡೆನ್ಮಾರ್ಕಿನಲ್ಲಿ ಅರ್ಧದಷ್ಟು ಸೋಂಕು ಕ್ಯಾಂಡಿಡಾ ಎಂಬ ಯೀಸ್ಟಿನದು, ಅದು ಹೆಚ್ಚಾಗಿ ಇಂಥ ಮೊದಲೇ ಸೋತ ಕಣ್ಣುಗಳನ್ನೇ ಹಿಡಿಯುತ್ತದೆ. ನಮ್ಮ ಕಡೆ ಹೆಚ್ಚು ಕಾಣುವ ಫ್ಯುಸೇರಿಯಮ್, ಆಸ್ಪರ್ಜಿಲಸ್‌ಗಳು ಆರೋಗ್ಯವಂತ ಕಣ್ಣಿಗೂ ಗಾಯದ ಮೂಲಕ ನುಗ್ಗುತ್ತವೆ.

4. ಬ್ಯಾಕ್ಟೀರಿಯಾ ಎಂದು ಆಂಟಿಬಯಾಟಿಕ್ ಡ್ರಾಪ್ಸ್ ಶುರುಮಾಡಿ ಎರಡು ಮೂರು ದಿನವಾದರೂ ಇಳಿಯದ, ಇಲ್ಲವೇ ಹೆಚ್ಚುತ್ತಿರುವ ಹುಣ್ಣು.

ಮಧುಮೇಹವಿದ್ದರೆ ಈ ಎಲ್ಲದರ ಮೇಲೆ ಇನ್ನೊಂದು ಪಟ್ಟು ಎಚ್ಚರ ಬೇಕು. ಮಕ್ಕಳನ್ನು ನೋಡಲೆಂದು ಬೇಸಿಗೆಯಲ್ಲಿ ಬರುವ ಅಪ್ಪ ಅಮ್ಮಂದಿರಲ್ಲಿ ಅನೇಕರು ಮಧುಮೇಹಿಗಳು. ಕಣ್ಣಿನ ತೊಂದರೆಯನ್ನು ಮಗನಿಗೋ ಸೊಸೆಗೋ ಹೇಳಲು ಅವರು ಹಿಂಜರಿಯುತ್ತಾರೆ. 'ಕಸ ಬಿದ್ದ ಹಾಗೆ ಚುಚ್ಚುತ್ತೆ, ಅಷ್ಟೇ' ಎಂದು ಮುಚ್ಚಿಡುವ ಆ ಮೊದಲ ವಾರವೇ ಚಿಕಿತ್ಸೆಗೆ ಅತ್ಯಂತ ಬೆಲೆಯುಳ್ಳದ್ದು. ಕೇಳಿ ತಿಳಿದುಕೊಳ್ಳಬೇಕಾದವರು ಮನೆಯವರು.

ಮೊದಲ ದಿನ ಮಾಡಬೇಕಾದ್ದು

ಕಣ್ಣಿನ ಒಳಪರೀಕ್ಷೆಗೆ ಬೇಕಾದ ಸ್ಲಿಟ್ ಲ್ಯಾಂಪ್ ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿ, ಇಲ್ಲಿನವರು ವೋರ್ಡ್‌ಸೆಂಟ್ರಾಲ್ ಎನ್ನುವಲ್ಲಿ, ಇಲ್ಲದಿರಬಹುದು. ಕೆಂಪುಗಣ್ಣಿಗೆ ಅಲ್ಲಿ ಬರೆದುಕೊಡುವ ಫ್ಯುಸಿಡಿಕ್ ಆಸಿಡ್ ಆಗಲಿ ಕ್ಲೋರಾಮ್‌ಫೆನಿಕಾಲ್ ಆಗಲಿ ಬ್ಯಾಕ್ಟೀರಿಯಾಕ್ಕೆ ಮಾತ್ರ. ಫಂಗಸ್ಸಿಗೆ ಅವು ಏನೂ ಮಾಡವು. ಆದ್ದರಿಂದ ದಾರಿ ತುಸು ಬೇರೆ ಹಿಡಿಯಬೇಕು.

1. ಲೆನ್ಸ್ ಇದ್ದರೆ ತೆಗೆಯಿರಿ, ಎಸೆಯಬೇಡಿ. ಲೆನ್ಸ್, ಅದರ ಡಬ್ಬಿ, ದ್ರಾವಣದ ಬಾಟಲಿ ಮೂರನ್ನೂ ಒಂದು ಚೀಲದಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿನಲ್ಲಿ ಸಿಗದ ಫಂಗಸ್ ಕೆಲವೊಮ್ಮೆ ಡಬ್ಬಿಯ ತಳದ ಲೋಳೆಯಲ್ಲಿ ಸಿಗುತ್ತದೆ.

2. ದಿನದ ಯಾವ ಹೊತ್ತಿಗಾದರೂ ಇಲ್ಲಿನ ಆರೋಗ್ಯ ಸಲಹೆಯ ಸಂಖ್ಯೆ 1177ಕ್ಕೆ ಫೋನ್ ಮಾಡಿ. 'ಕಣ್ಣು ಕೆಂಪಾಗಿದೆ' ಎಂದಷ್ಟೇ ಹೇಳಿದರೆ ಕಾದು ನೋಡಿ ಎಂಬ ಉತ್ತರ ಬರಬಹುದು. ಒಂದೇ ಕಣ್ಣು, ನೋವು, ಬೆಳಕು ತಡೆಯಲಾಗುತ್ತಿಲ್ಲ, ದೃಷ್ಟಿ ಮಂಜಾಗಿದೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇದೆ, ಲೆನ್ಸ್ ಹಾಕುತ್ತೇನೆ ಅಥವಾ ಗಿಡ ತಗುಲಿತ್ತು: ಇವುಗಳಲ್ಲಿ ಇರುವುದನ್ನೆಲ್ಲ ಹೇಳಿ. ಈ ವಿವರಗಳೇ ನಿಮ್ಮನ್ನು ಅದೇ ದಿನ ಕಣ್ಣಿನ ತುರ್ತು ವಿಭಾಗಕ್ಕೆ ಕಳಿಸುವಂಥವು.

3. ಸ್ಟಾಕ್‌ಹೋಮಿನವರಿಗೆ ಸಾಂಕ್ಟ್ ಎರಿಕ್ ಕಣ್ಣಿನ ಆಸ್ಪತ್ರೆಯಿದೆ. ಕಣ್ಣಿಗೆಂದೇ ಮೀಸಲಾದ ಈ ಆಸ್ಪತ್ರೆ 2020ರಲ್ಲಿ ಸೋಲ್ನಾದ ಹಾಗಾಸ್ತಾದೆನ್ ಪ್ರದೇಶದ ಹೊಸ ಕಟ್ಟಡಕ್ಕೆ ಬಂದಿತು. ತುರ್ತು ವಿಭಾಗವೂ ಅಲ್ಲೇ ಇದೆ. ಗೋಥೆನ್‌ಬರ್ಗ್, ಲುಂಡ್, ಉಪ್ಸಾಲಾ, ಲಿಂಶೋಪಿಂಗ್, ಉಮಿಯೋಗಳಲ್ಲಿ ವಿಶ್ವವಿದ್ಯಾಲಯ ಆಸ್ಪತ್ರೆಗಳ ಕಣ್ಣಿನ ವಿಭಾಗಗಳಿವೆ. ಹೊರಡುವ ಮುನ್ನ ತೆರೆದಿರುವ ವೇಳೆ ಕೇಳಿಕೊಳ್ಳಿ.

4. ಹಿರಿಯರಿಗೆ ಇಂಗ್ಲಿಷ್, ಸ್ವೀಡಿಷ್ ಬಾರದಿದ್ದರೆ ದುಭಾಷಿ ಬೇಕೆಂದು ಮೊದಲೇ ಕೇಳಿ. ಇಲ್ಲಿಯ ಆರೋಗ್ಯ ವ್ಯವಸ್ಥೆಯಲ್ಲಿ ಆ ಸೌಲಭ್ಯವಿದೆ. ತುರ್ತಿನಲ್ಲಿ ಕನ್ನಡದವರು ಸಿಗದಿದ್ದರೆ ಮನೆಯವರೊಬ್ಬರು ಜೊತೆಗಿರಲಿ.

5. ಒಂದು ಚೀಟಿ ಬರೆದಿಡಿ: ಯಾವಾಗ, ಏನು ತಗುಲಿತು, ಯಾವ ಊರಿನಲ್ಲಿ, ಎಂದಿನಿಂದ ನೋವು, ಇದುವರೆಗೆ ಹಾಕಿದ ಪ್ರತಿಯೊಂದು ಡ್ರಾಪ್ಸ್. ಖಾಲಿ ಸೀಸೆಗಳನ್ನೂ ಒಯ್ಯಿರಿ. ಊರಿನಿಂದ ತಂದ ಡ್ರಾಪ್ಸ್ ಹಾಕಿದ್ದೇವೆ ಎಂದು ಹೇಳಲು ಸಂಕೋಚ ಬೇಡ. ಆ ಒಂದು ಮಾತು ವೈದ್ಯರ ಲೆಕ್ಕಾಚಾರವನ್ನೇ ಬದಲಿಸುತ್ತದೆ.

ಸೀಸೆಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೂರೊಮೆಥೊಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್ ಎಂಬ ಯಾವುದೇ ಹೆಸರಿದ್ದರೂ ಅದು ಸ್ಟೀರಾಯ್ಡ್. ಆಂಟಿಬಯಾಟಿಕ್ ಜೊತೆ ಬೆರೆಸಿದ ಡ್ರಾಪ್ಸ್‌ಗಳಲ್ಲಿ ಇದು ಸಣ್ಣ ಅಕ್ಷರಗಳಲ್ಲಿ ಎರಡನೆಯ ಸಾಲಿನಲ್ಲಿರಬಹುದು. ಒಂದು ಎಚ್ಚರಿಕೆ: ಕಾರ್ನಿಯಾ ಕಸಿಗೋ ಕಣ್ಣಿನ ಒಳ ಉರಿಯೂತಕ್ಕೋ ವೈದ್ಯರೇ ಬರೆದುಕೊಟ್ಟ ಸ್ಟೀರಾಯ್ಡನ್ನು ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಅವರಿಗೆ ಅಂದೇ ಫೋನ್ ಮಾಡಿ ಕೇಳಿ.

ಪರೀಕ್ಷೆಯ ಕೋಣೆಯಲ್ಲಿ

ಗದ್ದ ಊರಿಸಿ, ಹಣೆ ತಾಗಿಸಿ ಕೂರಿಸುವ ಆ ಯಂತ್ರ ಸ್ವೀಡನ್ನಿನದೇ ಕೊಡುಗೆ. ಉಪ್ಸಾಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಲ್ವಾರ್ ಗುಲ್‌ಸ್ಟ್ರಾಂಡ್ 1911ರಲ್ಲಿ ಸ್ಲಿಟ್ ಲ್ಯಾಂಪನ್ನು ಜಗತ್ತಿನ ಮುಂದಿಟ್ಟರು. ಕಣ್ಣಿನಲ್ಲಿ ಬೆಳಕು ಬಾಗುವ ಬಗೆಯನ್ನು ವಿವರಿಸಿದ್ದಕ್ಕಾಗಿ ನೊಬೆಲ್ ಬಂದದ್ದೂ ಅದೇ ವರ್ಷ. ಬೆಳಕಿನ ಕಿರಿದಾದ ಸೀಳೊಂದು ಕಾರ್ನಿಯಾದ ಮೂಲಕ ಓರೆಯಾಗಿ ಹಾದಾಗ ಹುಣ್ಣು ಎಷ್ಟು ಆಳಕ್ಕಿಳಿದಿದೆ, ಅಂಚು ಗರಿಗೆದರಿದೆಯೇ, ಕಣ್ಣೊಳಗೆ ಕೀವು ತಳಕಟ್ಟಿದೆಯೇ ಎಂಬುದು ಕಾಣುತ್ತದೆ.

ಕಣ್ಣಳತೆಯಲ್ಲೇ ಫಂಗಸ್ ಎಂದು ಖಚಿತವಾಗಿ ಹೇಳುವುದು ಪಳಗಿದವರಿಗೂ ಕಷ್ಟ. ಹುಣ್ಣನ್ನು ಕೆರೆದು ನೋಡಲೇಬೇಕು. 'ಕಣ್ಣು ಕೆರೆಯುತ್ತಾರಂತೆ' ಎಂದರೆ ಎದೆ ಝಲ್ಲೆನ್ನುವುದು ಸಹಜ. ನಡೆಯುವುದು ಇಷ್ಟು: ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ, ಅದು ಒಂದು ಕ್ಷಣ ಉರಿದು ಸುಮ್ಮನಾಗುತ್ತದೆ. ಸ್ಲಿಟ್ ಲ್ಯಾಂಪಿನ ಮುಂದೆಯೇ ಕೂತಿರುತ್ತೀರಿ. ವೈದ್ಯರು ಸಣ್ಣ ಬ್ಲೇಡಿನಿಂದಲೋ ಚಪ್ಪಟೆ ಚಮಚದಂಥ ಸಲಕರಣೆಯಿಂದಲೋ ಹುಣ್ಣಿನ ಅಂಚು ಮತ್ತು ತಳದಿಂದ ಕಣದಷ್ಟು ಅಂಶವನ್ನು ತೆಗೆದು ಗಾಜಿನ ಪಟ್ಟಿಯ ಮೇಲೆ ಸವರುತ್ತಾರೆ. ಒತ್ತಿದಂತೆ ತಿಳಿಯುತ್ತದೆ, ನೋವು ತಿಳಿಯುವುದಿಲ್ಲ. ಕೆರೆಯುವುದರಿಂದ ಮೇಲ್ಪದರದ ಅಡ್ಡಿ ತೊಲಗಿ ಔಷಧ ಒಳಗಿಳಿಯಲೂ ಅನುಕೂಲ.

ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಬಿಟ್ಟರೆ ಕಣ್ಣಿನ ಜೀವಕೋಶಗಳು ಕರಗಿದಂತಾಗಿ ಫಂಗಸ್ಸಿನ ಗೋಡೆ ಮಾತ್ರ ಉಳಿಯುತ್ತದೆ. ಕ್ಯಾಲ್ಕೊಫ್ಲೋರ್ ಎಂಬ ಬಣ್ಣ ಹಾಕಿ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಅದೇ ಎಳೆಗಳು ಹೊಳೆಯುತ್ತವೆ. ಇಷ್ಟಕ್ಕೆ ದಿನಗಟ್ಟಲೆ ಕಾಯಬೇಕಿಲ್ಲ. ಯಾವ ಜಾತಿಯ ಫಂಗಸ್ ಎಂದು ತಿಳಿಯಲು ಮಾತ್ರ ಕಲ್ಚರ್ ಬೇಕು. ಬೆಳೆಯಲು ಹಲವು ದಿನ, ಕೆಲವಕ್ಕೆ ವಾರಗಳು ಹಿಡಿಯುತ್ತವೆ. ಪ್ರಯೋಗಾಲಯದ ಚೀಟಿಯಲ್ಲಿ ಫಂಗಸ್ ಅನುಮಾನವೆಂದು ಬರೆದಿರದಿದ್ದರೆ ಬ್ಯಾಕ್ಟೀರಿಯಾದ ಲೆಕ್ಕದಲ್ಲೇ ಪರೀಕ್ಷೆ ಬೇಗ ಮುಗಿದುಬಿಡಬಹುದು. 'ಫಂಗಸ್ಸಿಗೂ ಕಲ್ಚರ್ ಕಳಿಸುತ್ತಿದ್ದೀರಾ?' ಎಂದು ಕೇಳುವುದು ಉದ್ಧಟತನವಲ್ಲ.

ದೊಡ್ಡ ಆಸ್ಪತ್ರೆಗಳಲ್ಲಿ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಇರುತ್ತದೆ. ಏನನ್ನೂ ಕೆರೆಯದೆ, ಬದುಕಿರುವ ಕಣ್ಣಿನೊಳಗಿನ ಫಂಗಸ್ ಎಳೆಗಳನ್ನೇ ಅದು ತೋರಿಸುತ್ತದೆ. ಲೆನ್ಸ್ ಹಾಕುವವರಲ್ಲಿ ಫಂಗಸ್ಸಿನಂತೆಯೇ ಕಾಡುವ ಅಕಾಂಥಮೀಬಾ ಎಂಬ ಜೀವಿಯ ಗೂಡುಗಳನ್ನು ಬೇರೆಯಾಗಿ ಗುರುತಿಸಲೂ ಇದು ನೆರವಾಗುತ್ತದೆ. ಎರಡಕ್ಕೂ ಔಷಧ ಬೇರೆ ಬೇರೆ.

ಔಷಧ: ಗಂಟೆಗೊಂದು ಹನಿ, ತಿಂಗಳ ತಾಳ್ಮೆ

ಎಳೆಯಂತೆ ಬೆಳೆಯುವ ಫಂಗಸ್ಸಿಗೆ ಮೊದಲ ಆಯ್ಕೆ ನಾಟಮೈಸಿನ್ 5 ಪರ್ಸೆಂಟ್ ಡ್ರಾಪ್ಸ್. ಹೊಸ ಔಷಧವಾದ ವೊರಿಕೊನಜೋಲ್ ಇದಕ್ಕಿಂತ ಮೇಲು ಎಂಬ ಭಾವನೆ ವೈದ್ಯರಲ್ಲೇ ಇತ್ತು. ದಕ್ಷಿಣ ಭಾರತದ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದಾಗ ಹಳೆಯ ನಾಟಮೈಸಿನ್ನೇ ಗೆದ್ದಿತು, ಅದರಲ್ಲೂ ಫ್ಯುಸೇರಿಯಮ್ ಸೋಂಕಿನಲ್ಲಿ ಅಂತರ ಎದ್ದು ಕಂಡಿತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಈಗ ಜಗತ್ತಿನೆಲ್ಲೆಡೆ ಆಧಾರವಾಗಿ ಬಳಸುತ್ತಾರೆ. ದಕ್ಷಿಣ ಭಾರತದ ಕೃಷಿಕರ ಕಣ್ಣಿನಿಂದ ಬಂದ ಈ ಅರಿವು ಉತ್ತರ ಯುರೋಪಿನ ರೋಗಿಗೂ ದಾರಿ ತೋರುತ್ತಿರುವುದು ಸಣ್ಣ ಸಂಗತಿಯಲ್ಲ. ಕ್ಯಾಂಡಿಡಾಕ್ಕೆ ಸಾಮಾನ್ಯವಾಗಿ ಆಂಫೊಟೆರಿಸಿನ್ ಬಿ ಇಲ್ಲವೇ ವೊರಿಕೊನಜೋಲ್ ಡ್ರಾಪ್ಸ್ ಕೊಡುತ್ತಾರೆ.

ಭಾರತದಲ್ಲಿ ಔಷಧದಂಗಡಿಯಲ್ಲಿ ಸಿಗುವ ನಾಟಮೈಸಿನ್ ಯುರೋಪಿನ ಬಹಳಷ್ಟು ದೇಶಗಳ ಮಾರುಕಟ್ಟೆಯಲ್ಲಿಲ್ಲ. ಮಾರುಕಟ್ಟೆಯಲ್ಲಿಲ್ಲದ ಔಷಧ ಬೇಕಾದಾಗ ಸ್ವೀಡನ್ನಿನ ವೈದ್ಯರು ಔಷಧ ಪ್ರಾಧಿಕಾರದ ವಿಶೇಷ ಅನುಮತಿಯ ಮೇಲೆ ತರಿಸಬಹುದು, ಅಥವಾ ರೋಗಿಗೆಂದೇ ಡ್ರಾಪ್ಸ್ ತಯಾರಿಸಿ ಕೊಡಲು ಹೇಳಬಹುದು. ಅಪೊತೆಕ್‌ನಲ್ಲಿ ತಕ್ಷಣ ಸಿಗದಿದ್ದರೆ 'ಇವತ್ತು ರಾತ್ರಿಗೆ ಏನು ಹಾಕಲಿ?' ಎಂದು ಕೇಳದೆ ಆಸ್ಪತ್ರೆ ಬಿಡಬೇಡಿ.

ಮನೆಯಲ್ಲಿ ಹಾಕುವ ಕ್ರಮ:

1. ಆರಂಭದ ದಿನಗಳಲ್ಲಿ ಗಂಟೆಗೊಮ್ಮೆ ಹಾಕಲು ಹೇಳುವುದು ಸಾಮಾನ್ಯ. ಫೋನಿನಲ್ಲಿ ಅಲಾರಂ ಇಡಿ. ರಾತ್ರಿಯೂ ಹಾಕಬೇಕೇ ಎಂದು ಕೇಳಿಟ್ಟುಕೊಳ್ಳಿ.

2. ನಾಟಮೈಸಿನ್ ತಳದಲ್ಲಿ ನಿಲ್ಲುವ ಔಷಧ. ಪ್ರತಿ ಸಲವೂ ಚೆನ್ನಾಗಿ ಕುಲುಕಿ. ಕಣ್ಣಿನಲ್ಲಿ ಬಿಳಿ ಗಸಿ ಉಳಿದರೆ ಹೆದರಬೇಡಿ.

3. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ.

4. ತಯಾರಿಸಿಕೊಟ್ಟ ಡ್ರಾಪ್ಸ್ ಬಹುಬೇಗ ಕೆಡುತ್ತವೆ. ಆಂಫೊಟೆರಿಸಿನ್ ಫ್ರಿಜ್ಜಿನಲ್ಲಿ, ಬೆಳಕು ಬೀಳದಂತೆ ಇರಲಿ. ಕೊನೆಯ ದಿನಾಂಕ ಸೀಸೆಯ ಮೇಲೆಯೇ ಇರುತ್ತದೆ.

5. ವೊರಿಕೊನಜೋಲ್ ಮಾತ್ರೆ ಕೊಟ್ಟಿದ್ದರೆ ಬಿಸಿಲಿಗೆ ಚರ್ಮ ಸುಡಬಹುದು, ಬಣ್ಣಗಳು ಬೇರೆಯಾಗಿ ಕಾಣಬಹುದು, ಯಕೃತ್ತಿನ ರಕ್ತಪರೀಕ್ಷೆ ಬೇಕಾಗುತ್ತದೆ. ನೀವು ನುಂಗುವ ಇತರ ಮಾತ್ರೆಗಳ ಪಟ್ಟಿ ಕೊಡಿ. ಹಲವು ಔಷಧಗಳೊಂದಿಗೆ ಇದು ಕೂಡಿಬರುವುದಿಲ್ಲ.

ಚಿಕಿತ್ಸೆ ಕನಿಷ್ಠ ಮೂರು ವಾರ, ಹಲವರಿಗೆ ತಿಂಗಳುಗಳು. ಮೊದಲ ವಾರದಲ್ಲಿ ಹೆಚ್ಚಾಗದೆ ನಿಂತಿದ್ದರೇ ಅದು ಒಳ್ಳೆಯ ಸುದ್ದಿ. ಔಷಧಕ್ಕೆ ಬಗ್ಗದಿದ್ದರೆ ಕಾರ್ನಿಯಾದೊಳಕ್ಕೇ ವೊರಿಕೊನಜೋಲ್ ಚುಚ್ಚುವುದುಂಟು. ತೂತು ಬೀಳುವ ಹಂತಕ್ಕೆ ಹೋದರೆ ಸೋಂಕಿನ ಭಾಗವನ್ನೇ ಕತ್ತರಿಸಿ ಕಸಿ ಮಾಡುತ್ತಾರೆ. ವಾಸಿಯಾದ ಮೇಲೂ ಕಣ್ಣಿನಲ್ಲಿ ಹೂವಿನಂಥ ಬಿಳಿ ಕಲೆ ಉಳಿಯಬಹುದು. ದೃಷ್ಟಿಗೆ ಅಡ್ಡವಾದರೆ ಮುಂದೆ ಕಸಿಯ ಯೋಚನೆ ಮಾಡಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮನೆಮದ್ದು ಮೊದಲನೆಯದು. ಎದೆಹಾಲು, ಜೇನುತುಪ್ಪ, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ, ಯಾವುದನ್ನೂ ಗಾಯವಾದ ಕಣ್ಣಿಗೆ ಬಿಡಬಾರದು. ಸೆರಗಿನ ತುದಿಯಿಂದ ಕಸ ತೆಗೆಯುವುದೂ ಬೇಡ. ಇರುವ ಗೀರು ದೊಡ್ಡದಾಗುತ್ತದೆ. ಕಸ ಬಿದ್ದ ಕೂಡಲೇ ಶುದ್ಧ ನೀರಿನಿಂದ ತೊಳೆಯಿರಿ, ಉಜ್ಜಬೇಡಿ.

ಲೆನ್ಸ್‌ನವರು ಮಾಡುವ ತಪ್ಪು ಎರಡನೆಯದು: ಡಬ್ಬಿಯಲ್ಲಿ ಉಳಿದ ಹಳೆಯ ದ್ರಾವಣದ ಮೇಲೆಯೇ ಹೊಸದನ್ನು ಸುರಿಯುವುದು. 2005–06ರಲ್ಲಿ ಸಿಂಗಪುರ, ಹಾಂಗ್‌ಕಾಂಗ್, ಅಮೆರಿಕಗಳಲ್ಲಿ ಲೆನ್ಸ್ ಹಾಕುವವರಲ್ಲಿ ಫ್ಯುಸೇರಿಯಮ್ ಸೋಂಕು ಏಕಾಏಕಿ ಹೆಚ್ಚಿತು. ಅಮೆರಿಕದ ತನಿಖೆಯಲ್ಲೇ 164 ಪ್ರಕರಣ ದೃಢಪಟ್ಟವು, ಮೂವರಲ್ಲಿ ಒಬ್ಬರಿಗೆ ಕಾರ್ನಿಯಾ ಕಸಿ ಬೇಕಾಯಿತು. ಬಾಷ್ ಅಂಡ್ ಲಾಂಬ್ ಕಂಪನಿಯ ರಿನ್ಯೂ ವಿತ್ ಮಾಯಿಶ್ಚರ್‌ಲಾಕ್ ಎಂಬ ದ್ರಾವಣದೊಂದಿಗೆ ಅದರ ನಂಟು ಕಂಡುಬಂದು, 2006ರ ಮೇ ತಿಂಗಳಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಹಳೆಯ ದ್ರಾವಣವನ್ನೇ ಮತ್ತೆ ಬಳಸುವ ಅಭ್ಯಾಸ ಅಪಾಯವನ್ನು ಹೆಚ್ಚಿಸಿತ್ತು. ಪ್ರತಿದಿನ ಡಬ್ಬಿ ಖಾಲಿಮಾಡಿ, ಹೊಸ ದ್ರಾವಣದಲ್ಲಿ ತೊಳೆದು, ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಿ. ಸ್ವೀಡನ್ನಿನ ನಲ್ಲಿ ನೀರು ಕುಡಿಯಲು ಎಷ್ಟೇ ಶುದ್ಧವಾಗಿರಲಿ, ಲೆನ್ಸಿಗೆ ತಾಗಿಸಬೇಡಿ.

ಮೂರನೆಯದು, ನೋವು ಕಡಿಮೆ ಇದೆಯೆಂದು ಹಗುರವಾಗಿ ತೆಗೆದುಕೊಳ್ಳುವುದು. ಫಂಗಸ್ ಹುಣ್ಣಿನಲ್ಲಿ ಕಣ್ಣು ನೋಡಲು ತೀರಾ ಕೆಟ್ಟಿದ್ದರೂ ಕೆಲವರಿಗೆ ನೋವು ಅಷ್ಟಿರುವುದಿಲ್ಲ.

ಕಣ್ಣಿನ ಒಳಗೆ, ಕಣ್ಣಿನ ಹಿಂದೆ

ಫಂಗಸ್ ಯಾವಾಗಲೂ ಹೊರಗಿನಿಂದಲೇ ಬರುವುದಿಲ್ಲ. ಐಸಿಯುನಲ್ಲಿ ಬಹುದಿನ ಇದ್ದು ರಕ್ತನಾಳದ ಕೊಳವೆಯ ಮೂಲಕ ಕ್ಯಾಂಡಿಡಾ ರಕ್ತಕ್ಕೆ ಸೇರಿದವರಲ್ಲಿ ಅದು ಕಣ್ಣಿನ ಹಿಂಪರದೆಗೆ ಹೋಗಿ ನೆಲೆಸಬಹುದು. ಕಣ್ಣು ಹೆಚ್ಚು ಕೆಂಪಾಗದೆಯೂ ಕಪ್ಪು ಚುಕ್ಕೆಗಳು ತೇಲುತ್ತವೆ, ದೃಷ್ಟಿ ಮಸುಕಾಗುತ್ತದೆ. ಆಗ ಕಣ್ಣೊಳಗಿನ ಲೋಳೆಯ ಮಾದರಿ ತೆಗೆದು ಪರೀಕ್ಷಿಸಬೇಕು. ಔಷಧವನ್ನು ಕಣ್ಣೊಳಕ್ಕೂ ರಕ್ತಕ್ಕೂ ಕೊಡಬೇಕಾಗಬಹುದು.

ಕೋವಿಡ್ ಎರಡನೇ ಅಲೆಯಲ್ಲಿ, 2021ರ ಮೇ ಹೊತ್ತಿಗೆ, ಕರ್ನಾಟಕವನ್ನೂ ನಡುಗಿಸಿದ ಬ್ಲ್ಯಾಕ್ ಫಂಗಸ್ ಮೂಗಿನ ಸೈನಸ್‌ಗಳಿಂದ ಕಣ್ಣಿನ ಹಿಂಭಾಗಕ್ಕೆ ಹರಡುವಂಥದ್ದು. ಸಕ್ಕರೆ ಹತೋಟಿ ತಪ್ಪಿದ ಮಧುಮೇಹಿಗೆ ಕೆನ್ನೆ ಮರಗಟ್ಟಿ, ಕಣ್ಣು ಊದಿ, ರೆಪ್ಪೆ ಜೋತು, ಒಂದು ಎರಡಾಗಿ ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಇಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಚಿಕಿತ್ಸೆಯ ನಡುವೆ ಊರಿಗೆ ಹೊರಟರೆ

ವೀಸಾ ಮುಗಿದು ಅಪ್ಪ ಅಮ್ಮ ಚಿಕಿತ್ಸೆಯ ನಡುವೆಯೇ ಹೊರಡಬೇಕಾಗುವುದುಂಟು. ಪ್ರಯಾಣ ಮಾಡಬಹುದೇ ಎಂದು ಕಣ್ಣಿನ ವೈದ್ಯರನ್ನು ಕೇಳಿ. ಯಾವ ಫಂಗಸ್, ಯಾವ ಔಷಧ, ದಿನಕ್ಕೆಷ್ಟು ಸಲ, ಮೊದಲ ದಿನದ ದೃಷ್ಟಿ ಮತ್ತು ಹುಣ್ಣಿನ ಅಳತೆ, ಇಷ್ಟನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಕಲ್ಚರ್ ವರದಿ ಬಾಕಿಯಿದ್ದರೆ ಬಂದ ಮೇಲೆ ಯಾರಿಗೆ ಕಳಿಸಬೇಕೆಂದು ಹೇಳಿಬನ್ನಿ. ಪ್ರತಿ ಭೇಟಿಯಲ್ಲೂ ಫೋನಿನಲ್ಲಿ ಕಣ್ಣಿನ ಫೋಟೊ ತೆಗೆದಿಟ್ಟಿದ್ದರೆ ಊರಿನ ವೈದ್ಯರಿಗೆ ಹೋಲಿಸಲು ಸಿಗುತ್ತದೆ. ಡ್ರಾಪ್ಸ್ ಕೈಚೀಲದಲ್ಲೇ ಇರಲಿ, ತಣ್ಣಗಿರಬೇಕಾದದ್ದು ಐಸ್ ಪ್ಯಾಕಿನೊಂದಿಗೆ. ವಿಮಾನದಲ್ಲೂ ಅಲಾರಂ ಭಾರತದ ಸಮಯಕ್ಕೆ ಬದಲಾಗುವುದು ಬೇಡ. ಕೊನೆಯ ಹನಿ ಹಾಕಿದ ಹೊತ್ತಿನಿಂದಲೇ ಮುಂದಿನದನ್ನು ಎಣಿಸಿ. ಊರು ತಲುಪಿದ ಮರುದಿನವೇ ಕಾರ್ನಿಯಾ ತಜ್ಞರನ್ನು ಕಾಣಲು, ಹೊರಡುವ ಮುನ್ನವೇ ಸಮಯ ಗೊತ್ತುಮಾಡಿಕೊಳ್ಳಿ.